ಎಕ್ಕದೆಲೆಯ ಮೇಲೆ ಉಗಿದ ಅಕ್ಕಿ

ನಮ್ಮ ಹೊನ್ನಕ್ಕತ್ತಿಗೆ ಒಲೆಯ ಕಡೆ ಮುಖ ಮಾಡಿಯೇ ಮಾತಾಡುತ್ತಿದ್ದಳು. ಮುದ್ದೆ ತೊಳಸುವಾಗ, ಸೌದೆ ಒಳಕ್ಕೆ ತಳ್ಳುವಾಗ, ಬೆನ್ನು ನಮ್ಮ ಕಡೆಗಿದ್ದರೆ ಅವಳಿಗೆ ಮಾತು ಸಲೀಸಾಗಿ ಬರುತ್ತಿತ್ತು. ತಿರುಗಿ ಕೂತರೆ ನಿಂತುಹೋಗುತ್ತಿತ್ತು.

ಐ.ಡಿ.ಹಳ್ಳಿ ಕಡೆಯ ಅವಳು ನನ್ನಣ್ಣ ಮಾರಣ್ಣನ ಕೈ ಹಿಡಿದು ದೊಡ್ಡೇರಿ ಹತ್ತಿರದ ನಮ್ಮ ಹಟ್ಟಿಗೆ ಬಂದಾಗ ನಾನು ಇಸ್ಕೂಲು ಬಿಟ್ಟು ಕುರಿಮರಿ ನೋಡಿಕೊಳ್ಳುತ್ತಿದ್ದೆ. ಇಸ್ಕೂಲು ಬಿಟ್ಟದ್ದು ಬಡತನಕ್ಕಲ್ಲ. ಎದ್ದು ನಿಂತು ಓದು ಎಂದರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮೇಷ್ಟ್ರು ಬೈದರೆ ಇನ್ನಷ್ಟು ಒಣಗುತ್ತಿತ್ತು. ಮೊಂಡಿ ಎಂದರು. ಹಟ್ಟಿಯಲ್ಲಿ ಇದು ಅರ್ಥವಾದದ್ದು ಅತ್ತಿಗೆಯೊಬ್ಬಳಿಗೇ.

"ನಂಗೂ ಅಂಗೇ ಕಣೆ," ಎಂದಿದ್ದಳು ಒಲೆಗೆ. "ನಾಕು ಜನ ನೋಡುದ್ರೆ ಸಾಕು, ಬಾಯಿಗೆ ಬೂದಿ ತುಂಬ್ದಂಗಾಗುತ್ತೆ."

ಮಧ್ಯಾಹ್ನ ಕುರಿರೊಪ್ಪದ ನೆರಳಲ್ಲಿ ನನ್ನ ತಲೆಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ದೂರದಲ್ಲಿ ಮಧುಗಿರಿ ಬೆಟ್ಟ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಮಡಿಲಲ್ಲಿ ಹುರಿದ ಹುಣಸೆಬೀಜ ಇರುತ್ತಿತ್ತು. ಇಬ್ಬರೂ ಮಾತಿಲ್ಲದೆ ಕಟುಮ್ ಕಟುಮ್ ಎಂದು ಅಗಿಯುತ್ತಿದ್ದೆವು. ಆ ಸುಖ ನನಗೆ ಆಮೇಲೆ ಯಾರ ಜೊತೆಗೂ ಸಿಕ್ಕಿಲ್ಲ. ಈಗಲೂ ಯಾರ ಮನೆಯಲ್ಲಾದರೂ ಹುಣಸೆಬೀಜ ಹುರಿದರೆ ನಾನು ತಿರುಗಿ ನೋಡುತ್ತೇನೆ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ಹಟ್ಟಿಯ ಯಜಮಾನ, ನಮ್ಮ ದೊಡ್ಡಪ್ಪ ದಾಸಣ್ಣನ ಮೊಮ್ಮಗನಿಗೆ ಕೂದಲು ತೆಗೆಸಿದರು. ಊಟದ ಗಲಾಟೆಯಲ್ಲಿ ಮಗುವಿನ ಸೊಂಟದ ಬೆಳ್ಳಿ ಉಡಿದಾರ ಕಾಣೆಯಾಯಿತು. ಹಟ್ಟಿಯ ಹೆಂಗಸರೆಲ್ಲ ಆ ಮನೆಗೆ ಹೋಗಿ ಬಂದಿದ್ದರು. ಮಗುವನ್ನು ಎತ್ತಿಕೊಳ್ಳದವರು ಯಾರೂ ಇರಲಿಲ್ಲ.

ಇಂಥದ್ದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಪೂಜಾರಿ ಮೂಡಲಗಿರಿಯಪ್ಪ ದೇವರ ಮುಂದಿಟ್ಟ ಒಣ ಅಕ್ಕಿಯನ್ನು ಮಂತ್ರಿಸಿ ಮದುವೆಯಾದ ಹೆಂಗಸರಿಗೆಲ್ಲ ಒಂದೊಂದು ಹಿಡಿ ಕೊಡುತ್ತಿದ್ದ. ಅಗಿದು ಎಕ್ಕದೆಲೆಯ ಮೇಲೆ ಉಗಿಯಬೇಕು. ಅಕ್ಕಿ ಎಂಜಲಲ್ಲಿ ನೆನೆದು ಬಂದರೆ ಶುದ್ಧ. ಪುಡಿಪುಡಿಯಾಗಿ ಒಣಗಿ ಬಂದರೆ ಅವಳೇ ಕಳ್ಳಿ.

ಗುಡಿ ಅಂಗಳದಲ್ಲಿ ಹಟ್ಟಿಗೆ ಹಟ್ಟಿಯೇ ಸೇರಿತ್ತು. ದೊಡ್ಡಮ್ಮ ಈರಕ್ಕ ಮೊದಲು ಅಗಿದು, ತಾಂಬೂಲ ಉಗಿದ ಹಾಗೆ ಉಗಿದಳು. ಗಂಡಸರು ನಕ್ಕರು. ಒಬ್ಬೊಬ್ಬರೇ ಮುಗಿಸಿ ಸರಿದರು. ಅತ್ತಿಗೆಯ ಸರದಿ ಬಂತು. ಅವಳಿಗೆ ತಿರುಗಲು ಅಲ್ಲಿ ಒಲೆ ಇರಲಿಲ್ಲ. ಅಗಿದಳು, ಅಗಿದಳು. ಉಗಿದಾಗ ಎಲೆಯ ಮೇಲೆ ಬಿದ್ದದ್ದು ಬಿಳೀ ಹಿಟ್ಟು.

"ಎಲ್ಲಿಟ್ಟಿದ್ದೀಯವ್ವ?" ಎಂದ ಪೂಜಾರಿ, ಮೆಲ್ಲಗೆ. ಅವನು ಕೆಟ್ಟವನಲ್ಲ. ಆ ಅಕ್ಕಿಯನ್ನು ಅವನೂ ನಂಬಿದ್ದ.



"ಬಾಯ್ಬುಡೇ," ಎಂದಳು ಈರಕ್ಕ. "ಕದಿಯಾಕೆ ಕೈ ಬತ್ತದೆ, ಯೋಳಾಕೆ ಬಾಯಿ ಬರಾಕಿಲ್ವಾ?"

ನಮ್ಮವ್ವ ಗಿರಿಯಮ್ಮ ಅವತ್ತೇ ಸೊಸೆಯ ಸೀರೆಗಳನ್ನು ಜಗುಲಿಯ ಮೇಲಿಟ್ಟಳು. "ದೇವ್ರೇ ತೋರ್ಸವ್ನೆ. ಇನ್ನು ನನ್ನೊಲೆ ಮುಟ್ಟಬ್ಯಾಡ." ಅಣ್ಣ ಕಂಬಳಿ ಹೊದ್ದು ಕೂತವನು ಏಳಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅತ್ತಿಗೆಯ ಬಾಯಿ ಯಾಕೆ ಒಣಗಿತೆಂದು ನನಗೆ ಗೊತ್ತಿತ್ತು. ಅದನ್ನು ಹೇಳಲು ನನ್ನ ಬಾಯಿ ಒಣಗಿತ್ತು.

ದಾಸಣ್ಣ ಅಷ್ಟಕ್ಕೆ ಬಿಡದೆ ಪೊಲೀಸರಿಗೆ ದೂರು ಕೊಟ್ಟ. "ದೇವ್ರು ತೋರ್ಸಿದ್ದಕ್ಕೆ ಕೋರ್ಟು ಒಂದು ಸೀಲು ಹಾಕುತ್ತೆ, ಅಷ್ಟೇ," ಎಂದು ಮೀಸೆ ತೀಡಿದ. ಠಾಣೆಯಲ್ಲಿ ಏನು ಕೇಳಿದರೂ ಅತ್ತಿಗೆ ಸುಮ್ಮನೆ ನಿಂತಿದ್ದಳಂತೆ. ಒಪ್ಪಿಕೊಂಡಳು ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಅವಳ ಅಪ್ಪ ಜಾಮೀನು ಕೊಟ್ಟು ಬಿಡಿಸಿ ಐ.ಡಿ.ಹಳ್ಳಿಗೆ ಕರೆದುಕೊಂಡು ಹೋದ.

ಮಧುಗಿರಿ ಕೋರ್ಟಿನಲ್ಲಿ ಕೇಸು ನಡೆಯಿತು. ಅಣ್ಣ, ಅವ್ವ, ನಾನು ಬಸ್ಸಿನಲ್ಲಿ ಹೋದೆವು. ಹೊಂಗೆಮರದ ಕೆಳಗೆ ಅತ್ತಿಗೆಯ ವಕೀಲರು ವೃಷಭೇಂದ್ರಪ್ಪನವರು ನಿಂತಿದ್ದರು. ಅಣ್ಣ ಹೆದರಿ ಹೆದರಿ ಕೇಳಿದ, "ಉಳೀತಾಳಾ ಸ್ವಾಮಿ?"

ಅವರು ಉತ್ತರ ಕೊಡುವ ಮೊದಲೇ ಅವ್ವ, "ಕದ್ದಿಲ್ಲ ಅಂತ ಅವ್ಳು ತೋರುಸ್ಲಿ, ನಾನೇ ಆರತಿ ಎತ್ತಿ ಕರ್ಕೊಂತೀನಿ," ಎಂದಳು.

"ಅವಳು ಏನೂ ತೋರಿಸಬೇಕಾಗಿಲ್ಲಮ್ಮ. ಕದ್ದಳು ಅಂದವರು ತೋರಿಸಬೇಕು. ಪೊಲೀಸರ ಹತ್ತಿರ ಒಪ್ಪಿಕೊಂಡಳು ಅನ್ನೋ ಕಾಗದ ಇಲ್ಲಿ ನಡೆಯೋದಿಲ್ಲ."

"ಸುಮ್ಕಿದ್ರೆ ಒಪ್ಕೊಂಡಂಗಲ್ವಾ?"

"ಈ ಕಟ್ಟಡದೊಳಗೆ ಅಲ್ಲ."

"ಇದ್ಯಾವ ಸೀಮೆ ನ್ಯಾಯ ಬುಡಿ. ಕಳ್ರಿಗೆ ಅನ್ಕೂಲ."

ವಕೀಲರು ಸಿಟ್ಟಾಗಲಿಲ್ಲ. "ಒಂದೊಂದು ಸಲ ಕಳ್ಳರಿಗೂ ಅನುಕೂಲ ಆಗುತ್ತೆ. ಕಳ್ಳ ತಪ್ಪಿಸಿಕೊಂಡರೆ ಒಂದು ಉಡಿದಾರ ಹೋಯಿತು. ಕದಿಯದವಳಿಗೆ ಶಿಕ್ಷೆಯಾದರೆ ಏನು ಹೋಗುತ್ತೆ ಅಂತ ನಿಮ್ಮ ಮನೆಯಲ್ಲೇ ನೋಡಿದ್ದೀರಲ್ಲ."

ಅವ್ವ ಅಣ್ಣನ ಮುಖ ನೋಡಿದಳು.

ಒಳಗೆ ಮೂಡಲಗಿರಿಯಪ್ಪನನ್ನು ಕಟಕಟೆಗೆ ಹತ್ತಿಸಿದರು. ಹೊಸ ರುಮಾಲು ಸುತ್ತಿ ಬಂದಿದ್ದ ಆ ಮುದುಕ, ಸರ್ಕಾರಿ ವಕೀಲರು ಕೇಳಿದಂತೆ ಅಕ್ಕಿಯ ವಿಷಯ ಹೇಳತೊಡಗಿದ. ಹೇಳುತ್ತಾ ಹೇಳುತ್ತಾ ಅವನ ದನಿ ಬತ್ತಿತು. ತುಟಿ ಸವರಿಕೊಂಡ. "ವಸಿ ನೀರು," ಎಂದ. ಮ್ಯಾಜಿಸ್ಟ್ರೇಟರು ಸನ್ನೆ ಮಾಡಿದರು. ಜವಾನ ಲೋಟದಲ್ಲಿ ನೀರು ತಂದುಕೊಟ್ಟ.

ವೃಷಭೇಂದ್ರಪ್ಪನವರು ಅವನು ಪೂರ್ತಿ ಕುಡಿಯುವವರೆಗೆ ಕಾದು ಎದ್ದರು.

"ಬಾಯಿ ಒಣಗಿತಾ ಅಜ್ಜ?"

"ಊಂ ಸ್ವಾಮಿ. ಹೊಸಾ ಜಾಗ. ಎಲ್ಲಾ ನನ್ನೇ ನೋಡ್ತಾವ್ರೆ."

"ನೀವೇನೂ ಕದ್ದಿಲ್ಲವಲ್ಲ?"

"ಶಿವ ಶಿವಾ, ಇದೇನ್ ಮಾತು."

"ಅವತ್ತು ಗುಡಿ ಮುಂದೆ ಹೊನ್ನಕ್ಕನನ್ನ ಯಾರ್ ಯಾರು ನೋಡ್ತಿದ್ರು?"

ಮುದುಕ ಬಾಯಿ ತೆರೆದ. ಇಡೀ ಹಟ್ಟಿ, ಎನ್ನಬೇಕಾಗಿತ್ತು. ಎನ್ನಲಿಲ್ಲ. ಖಾಲಿ ಲೋಟವನ್ನೇ ನೋಡುತ್ತಾ ನಿಂತ.

ಅತ್ತಿಗೆ ತೆಗೆದದ್ದನ್ನು ಕಂಡವರಿರಲಿಲ್ಲ, ಉಡಿದಾರ ಅವಳ ಹತ್ತಿರ ಸಿಕ್ಕಿರಲಿಲ್ಲ. ಸಾಬೀತಾಗಿಲ್ಲ ಎಂದು ಬಿಡುಗಡೆ ಮಾಡಿದರು. ಹೊರಗೆ ಬಂದ ದಾಸಣ್ಣ, "ಸಾಬೀತಾಗಿಲ್ಲ ಅಂದ್ರು, ಕದ್ದಿಲ್ಲ ಅಂದ್ರಾ?" ಎಂದು ಬೀಡಿ ಹಚ್ಚಿದ.

ಅಣ್ಣ ಅತ್ತಿಗೆಯ ಹತ್ತಿರ ಹೋಗಿ, "ಬಾ, ಹೋಗಾನ," ಎಂದ. ಅವಳು ಮರದ ಬೊಡ್ಡೆಯ ಕಡೆ ತಿರುಗಿ ನಿಂತು ಮಾತಾಡಿದಳು.

"ಆ ಅಕ್ಕಿ ಇರಾಗಂಟ ನಾನು ಬರಾಕಿಲ್ಲ. ನಾಳೀಕೆ ಇನ್ನೇನೋ ಕಳ್ದೋಗುತ್ತೆ. ನನ್ ಬಾಯಿ ತಿರ್ಗ ಒಣಗುತ್ತೆ. ಅಕ್ಕಿ ನಿಂತ ದಿನ ಬಂದು ಕರೀರಿ." ಆಮೇಲೆ ನನ್ನ ಕೆನ್ನೆ ಮುಟ್ಟಿ ಅವರಪ್ಪನ ಜೊತೆ ಬಸ್ಸು ಹತ್ತಿದಳು.

ನಮ್ಮ ಒಲೆ ಮಾತಿಲ್ಲದೆ ಉರಿಯಿತು. ಅಣ್ಣ ಕುರಿ ಹಿಂದೆ ಹೋದರೆ ಕತ್ತಲಾದರೂ ಬರುತ್ತಿರಲಿಲ್ಲ. ಬೇರೆ ಹೆಣ್ಣು ತರೋಣ ಎಂದರೆ ಉಣ್ಣುವುದನ್ನು ಬಿಟ್ಟು ಏಳುತ್ತಿದ್ದ. ಅವ್ವ ಅವನ ತಟ್ಟೆ ನೋಡುತ್ತಾ ಕೂರುತ್ತಿದ್ದಳು.

ಎಂಬತ್ತೆರಡರಲ್ಲಿ ಗುಡಿಯ ಹಿತ್ತಾಳೆ ಗಂಟೆ ಕಾಣೆಯಾಯಿತು. ಮತ್ತೆ ಅಕ್ಕಿ. ಗುಡಿ ಕಸ ಗುಡಿಸುವವಳು ನಾನಾದ್ದರಿಂದ ಮದುವೆಯಾಗದಿದ್ದರೂ ನನ್ನನ್ನು ಕರೆದರು, ಅದೂ ಮೊದಲಿಗೆ. ಮೂಡಲಗಿರಿಯಪ್ಪ ನನ್ನ ಅಂಗೈಗೆ ಅಕ್ಕಿ ಸುರಿದ. ಸುತ್ತ ಎಲ್ಲರ ಕಣ್ಣು. ನಾಲಿಗೆ ಅಂಗುಳಕ್ಕೆ ಅಂಟಿತು. ಅಗಿದಿದ್ದರೆ ಹಿಟ್ಟೇ ಬೀಳುತ್ತಿತ್ತು.

ನಾನು ಅಕ್ಕಿಯನ್ನು ಎಲೆಯ ಮೇಲೆ ವಾಪಸು ಸುರಿದೆ.

"ಇದ್ಯಾಕಮ್ಮಿ?" ಎಂದ ದಾಸಣ್ಣ.

"ಅಗಿಯಲ್ಲ." ನನ್ನ ದನಿ ಒಣ ತರಗೆಲೆಯ ಹಾಗಿತ್ತು. "ನಾನು ಕದ್ದಿದ್ದು ಕಂಡೋರು ಇದ್ರೆ ಮುಂದಕ್ಕೆ ಬರ್ಲಿ."

"ನೋಡ್ರಲಾ, ಕಳ್ಳಿ ಅಲ್ದಿದ್ರೆ ಯಾಕೆ ಹೆದರ್ತಾಳೆ?"

"ಹೆದರಿಕೆ ಆಗೈತೆ ದೊಡ್ಡಪ್ಪ. ಬಾಯಿ ಒಣಗೈತೆ. ಮೊದ್ಲು ನೀರು ಕೊಡ್ರಿ, ಆಮೇಲೆ ಏನು ಬೇಕಾದ್ರೂ ಕೇಳ್ರಿ. ಮಧುಗಿರೀಲಿ ಪೂಜಾರಪ್ಪಂಗೆ ಕೊಡ್ಲಿಲ್ವಾ?"

ಮೂಡಲಗಿರಿಯಪ್ಪ ತಲೆ ಬಗ್ಗಿಸಿದ. ಆಮೇಲೆ ಬಗ್ಗಿ, ಎಕ್ಕದೆಲೆಯನ್ನು ಅಕ್ಕಿಯ ಸಮೇತ ಮಡಿಚಿ, ಕೋಳಿಗಳ ಮುಂದೆ ಕೊಡವಿಬಿಟ್ಟ. "ನನ್ ಕೈಲಾಗಾಕಿಲ್ಲ ದಾಸಣ್ಣ," ಎಂದ. "ಗಂಟೆ ಯಾರು ತಗಂಡ್ರೋ ನಂಗೊತ್ತಿಲ್ಲ. ಉಡಿದಾರಾನೂ ಗೊತ್ತಿರ್ಲಿಲ್ಲ."

ಆ ಉಡಿದಾರ ಇವತ್ತಿಗೂ ಸಿಕ್ಕಿಲ್ಲ. ಯಾರು ತೆಗೆದರೋ ನನಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವ ಮಾತನ್ನು ನಮ್ಮ ಗುಡಿ ಅಂಗಳದಲ್ಲಿ ನಾನು ಕೇಳಿದ್ದು ಅದೇ ಮೊದಲು.

ಹೆಂಗಸರ ಸಾಲಿನಿಂದ ಅವ್ವ ಎದ್ದಳು. ಸರಸರ ಮನೆಗೆ ಹೋಗಿ ಚೊಂಬಿನಲ್ಲಿ ನೀರು ತಂದು ನನ್ನ ಕೈಗಿಟ್ಟಳು. ನಾನು ಕುಡಿಯುವುದನ್ನೇ ನೋಡುತ್ತಿದ್ದಳು.

"ಅವತ್ತು ಅವ್ಳಿಗೂ ಕೊಡ್ಬೇಕಾಗಿತ್ತು ಕಣೆ," ಎಂದಳು.

ಆಮೇಲೆ ಗಂಡಸರ ಕಡೆ ತಿರುಗಿ, "ಮಾರಾ, ಐ.ಡಿ.ಹಳ್ಳಿ ಬಸ್ಸು ಎಷ್ಟೊತ್ಗಿರೋದು?" ಎಂದು ಕೇಳಿದಳು. ಅಣ್ಣ ಆಗಲೇ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದು ನಿಂತಿದ್ದ.