ಕೊಳಕ್ಕೊಂದು ಪಾಲು, ಬಾತುಕೋಳಿಗೊಂದು ಪಾಲು

ಶೈಲಬಾಲೆಯ ಗಂಡ ಬದುಕಿದ್ದಾಗ, ಬಂಗಾಳದ ಕಾಕದ್ವೀಪದ ಆ ಎರಡು ಬಿಘಾ ನೆಲದಲ್ಲಿ ವ್ಯರ್ಥವೆಂಬುದೇ ಇರಲಿಲ್ಲ. ಕೊಳದ ನೀರಿನ ಮೇಲೆಯೇ ಬಿದಿರಿನ ಬಾತುಗೂಡು. ಅಲ್ಲಿಂದ ಬಿದ್ದ ಹಿಕ್ಕೆ ಮೀನಿಗೆ, ಕೊಳದ ಹೂಳು ದಂಡೆಯ ಬದನೆಗೆ, ತೋಟದ ಸೊಪ್ಪುಸದೆ ಮರಳಿ ಬಾತುಗಳಿಗೆ. ಒಂದರ ಉಚ್ಛಿಷ್ಟವೇ ಇನ್ನೊಂದರ ನೈವೇದ್ಯ. ಸಂಸಾರ ಸಾಗಿದ್ದೂ ಆ ಪ್ರಸಾದದಿಂದಲೇ.

ಅವನು ತೀರಿಕೊಂಡ ಮೇಲೆ ಸೊಸೆಯರ ಕಲಹ ಒಲೆಯಿಂದ ಅಂಗಳಕ್ಕೆ ಬಂತು. ಶೈಲಬಾಲೆ ತಾನೇ ಪಾಲು ಮಾಡಿದಳು: ಹಿರಿಯ ಮಗ ಸುಬಲನಿಗೆ ಕೊಳ, ಕಿರಿಯ ಶ್ರೀದಾಮನಿಗೆ ತೋಟ ಮತ್ತು ಬಾತುಗಳು. ತಕ್ಕಡಿಯಲ್ಲಿಟ್ಟು ತೂಗಿದಷ್ಟು ಸಮ. ಆಮೇಲೆ ಇಬ್ಬರ ಬಲಗೈಗಳನ್ನೂ ತನ್ನ ನೆತ್ತಿಯ ಮೇಲಿರಿಸಿಕೊಂಡಳು.

"ಒಬ್ಬರ ಪಾಲಿಂದ ಇನ್ನೊಬ್ಬರು ಹುಲ್ಲುಕಡ್ಡೀನೂ ಮುಟ್ಟಲ್ಲ ಅಂತ ನನ್ನ ತಲೆ ಮೇಲೆ ಆಣೆ ಇಡಿ."

ಇಟ್ಟರು.

ಮರುದಿನವೇ ಶ್ರೀದಾಮ ಗೂಡನ್ನು ಕೊಳದಿಂದ ಕಿತ್ತು ತೋಟದಲ್ಲಿ ನೆಟ್ಟು ಬಲೆ ಸುತ್ತಿದ. "ದಾದಾನ ನೀರಿನ ಹುಳಾನ ನನ್ನ ಬಾತು ತಿಂದ್ರೂ ಆಣೆ ಮುರಿದಂಗೇ" ಎಂದ, ಅಣ್ಣನ ಕೊಳದತ್ತ ಕೈ ತೋರಿ. ಬಾತುಗಳು ಬಲೆಯೊಳಗೆ ಕೊಕ್ಕು ತೂರಿಸಿ ದಿನವಿಡೀ ಅರಚಿದವು.

"ಒದರಿ, ಒದರಿ! ಪಾಲಿನ ನ್ಯಾಯ ನಿಮಗೇನು ತಿಳೀಬೇಕು, ಮುಂಡೇವಾ!" ಎಂದಳು ಕಿರಿಯ ಸೊಸೆ, ಆಚೆ ನಿಂತ ಭಾವನಿಗೆ ಕೇಳಲೆಂದೇ.

ಮೀನು ಬೆರಳುದ್ದ ಮೀರಲಿಲ್ಲ, ಬಾತುಗಳು ಮೊಟ್ಟೆ ಮರೆತವು, ಬದನೆ ಮುರುಟಿತು. ಅಂಗಡಿಯ ತೌಡು, ಅಂಗಡಿಯ ಗೊಬ್ಬರ ಬಂದವು. ಹುಟ್ಟಿದ ಕಾಸನ್ನೆಲ್ಲ ಅವೇ ತಿಂದವು. ಕೊನೆಗೆ ಸುಬಲ ಕೊಳ ಮುಚ್ಚಿಸಲು ಆಳು ಗೊತ್ತುಮಾಡಿದ. ಸುದ್ದಿ ಕೇಳಿ ಶೈಲಬಾಲೆ ಮಕ್ಕಳಿಬ್ಬರನ್ನೂ ಕರೆದಳು.

"ನಾನು ಇಡಿಸಿದ ಆಣೆ, ನಾನೇ ವಾಪಸ್ ತಗೊಂಡೆ. ಗೂಡು ನೀರಿಗೆ ಇಳಿಸ್ರೋ."

"ನಂಗೂ ಅದೇ ಆಸೆ, ದಾದಾ" ಎಂದ ಶ್ರೀದಾಮ, ನೆಲ ನೋಡುತ್ತ. "ಆದ್ರೆ ಮುಟ್ಟಿದ್ದು ಮಾ ತಲೆಯನ್ನ."

"ಪೆದ್ದುಗಳಾ, ಈ ನರೆತ ತಲೆಗೆ ಇನ್ನೇನಾಗ್ಬೇಕು?"

"ಏನಾದ್ರೂ ಆಗೇಹೋದ್ರೆ?" ಸುಬಲ ಅವಳ ಕಾಲ ಬಳಿ ಕುಳಿತ. "ನಿನ್ನ ಕಳ್ಕೊಂಡು ಮೀನು ಸಾಕ್ಬೇಕಾ, ಮಾ?"

ಯಾವ ಮಾತಿಗೂ ಒಂದಾಗದ ಅಣ್ಣತಮ್ಮಂದಿರು ಇದೊಂದಕ್ಕೆ ಒಂದಾದರು. ಅವಳು ಅತ್ತಳು, ಗದರಿದಳು, ಅವರು ಕದಲಲಿಲ್ಲ.

"ಹಾಗಾದ್ರೆ ಕೊಳ ಮುಚ್ಚಬೇಡ, ಸುಬಲ. ನಾನು ಹೋದ್ಮೇಲೆ ಗೂಡು ಇಳಿಸ್ಕೊಳ್ಳಿ."

ಸುಬಲ ಆಳುಗಳನ್ನು ಹಿಂದಕ್ಕೆ ಕಳಿಸಿದ.

ಅಂದಿನಿಂದ ಶೈಲಬಾಲೆಗೆ ತನ್ನ ಆರೋಗ್ಯವೇ ಅಪರಾಧದಂತೆ ಕಾಣತೊಡಗಿತು. ಹಸಿವಾದರೆ ನಾಚುತ್ತಿದ್ದಳು. ಪೌಷದ ಚಳಿ ಊರಿನ ಮುದುಕರನ್ನೆಲ್ಲ ಹಾಸಿಗೆ ಹಿಡಿಸಿದರೂ ಅವಳಿಗೊಂದು ಕೆಮ್ಮು ಬರಲಿಲ್ಲ.

"ಮಾಶಿಮಾ, ನೀವು ನೂರು ವರ್ಷ ಗಟ್ಟಿ!" ಎಂದು ನಕ್ಕಳು ದಾರಿಯಲ್ಲಿ ಸಿಕ್ಕ ನೆರೆಯವಳು.

ಶೈಲಬಾಲೆ ತಲೆ ತಗ್ಗಿಸಿ ನಡೆದಳು.