ಬಡಕಲು ಬಾಂಗಡಾ

ಸವದತ್ತಿ ಪ್ಯಾಟಿಯಲ್ಲಿ ಒಣಮೀನು ಮಾರುತ್ತಲೇ ನಿಜಾಮಸಾಬನ ಗಡ್ಡ ಬೆಳ್ಳಗಾಗಿತ್ತು. ಸಮುದ್ರವನ್ನು ಮಾತ್ರ ಆತ ಕಂಡಿರಲಿಲ್ಲ. ಕಾಣುವ ಅಗತ್ಯ ಬಿದ್ದಿರಲಿಲ್ಲ. ಕಾರವಾರದಿಂದ ದತ್ತಾ ತಾಂಡೇಲ ಎಂಬ ವ್ಯಾಪಾರಿ ಚೀಲ ಕಟ್ಟಿ ಲಾರಿಗೆ ಹಾಕುತ್ತಿದ್ದ, ಇಲ್ಲಿ ಈತ ಇಳಿಸಿಕೊಳ್ಳುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಮಕ್ಕಳ ಓದು, ಮೊಣಕಾಲು ನೋವು, ಮಳೆ ಎಲ್ಲವನ್ನೂ ಫೋನಿನಲ್ಲೇ ವಿಚಾರಿಸಿಕೊಂಡು ದೋಸ್ತಿ ಬೆಳೆದಿತ್ತು.

ಈ ಸಲ ಮಳೆಗಾಲ ಕಳೆದ ಮೇಲೆ ಬಂದ ಚೀಲಗಳಲ್ಲಿ ಬಾಂಗಡಾ ಮೀನು ಬಡಕಲಾಗಿತ್ತು. ಬರೀ ತಲೆ, ಬಾಲ. ಮನೋಳಿಯಿಂದ ಬರುವ ಖಾಯಂ ಗಿರಾಕಿ ಕಾಡವ್ವ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದಕ್ಕ ಆರಾಮ ಇರಲಿಲ್ಲೇನ್ರಿ?" ಎಂದು ಕೇಳಿ ವಾಪಸ್ ಇಟ್ಟಳು.

ನಿಜಾಮಸಾಬ ಯೋಚಿಸಿ ಒಂದು ತೀರ್ಮಾನಕ್ಕೆ ಬಂದ. ಮೈತುಂಬಿದ ಮೀನು ಕೊಲ್ಲಾಪುರಕ್ಕೆ ಹೋಗುತ್ತಿದೆ, ಉಳಿದದ್ದು ಸವದತ್ತಿಗೆ. ಫೋನ್ ಹಚ್ಚಿ ಹಾಗೇ ಹೇಳಿದ. ತಾಂಡೇಲ ಫೋನ್ ಇಟ್ಟ. ಮಾತು ನಿಂತಿತು. ಚೀಲಗಳೂ ನಿಂತವು.

ಮಗಳು ಗುಲಫಶಾ ಕಾರವಾರದಲ್ಲೇ ಸಮುದ್ರದ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಯಾರಾದರೂ ಕೇಳಿದರೆ ನಿಜಾಮಸಾಬ "ನೀರಿನ ಕೆಲಸ" ಎನ್ನುತ್ತಿದ್ದ. ನಳ ಬಾರದ ದಿನ ಓಣಿಯವರು ಆಕೆಯ ನಂಬರ್ ಕೇಳುತ್ತಿದ್ದರು. ದೀಪಾವಳಿ ರಜೆಗೆ ಮನೆಗೆ ಬಂದವಳ ಮುಂದೆ ಅಪ್ಪ ತಾಂಡೇಲನ ಮೋಸವನ್ನೆಲ್ಲ ಹೇಳಿಕೊಂಡ.

"ಅವರು ಮೋಸ ಮಾಡಿಲ್ಲ ಅಬ್ಬಾ," ಅಂದಳು ಗುಲಫಶಾ. "ಮಳಿಗಾಲದಾಗ ಸಮುದ್ರದ ದಂಡಿ ಹಿಡಕೊಂಡು ನೀರು ದಕ್ಷಿಣದ ಕಡೆ ಹರೀತೈತಿ. ಆಗ ತಳದಾಗಿನ ತಂಪ ನೀರು ಮ್ಯಾಲ ಏಳತೈತಿ. ಅದರಾಗ ಗೊಬ್ಬರದಂಥಾ ಸತ್ವ ಇರತೈತಿ. ದೊಡ್ಡ ಪಾಚಿಕಣ ಬೆಳೀತಾವು, ಅದನ್ನ ತಿಂದು ಬೆಳೆಯೋ ಹುಳಾ ಮೀನಿಗೆ ಸಿಗತಾವು. ಈ ವರ್ಷ ತಳದ ನೀರು ಸರಿಯಾಗಿ ಏಳಲಿಲ್ಲ."

"ಏಳದಿದ್ರ?"

"ಬರೇ ಸಣ್ಣ ಪಾಚಿಕಣ ಬೆಳೀತಾವು. ಅವು ನೀರಾಗ ಬಿಟ್ಟಿದ್ದನ್ನ ಬ್ಯಾಕ್ಟೀರಿಯಾ ತಿಂತಾವು. ಬ್ಯಾಕ್ಟೀರಿಯಾನ ಇನ್ನೊಂದು ಜೀವಿ ತಿಂತೈತಿ, ಅದನ್ನ ಮತ್ತೊಂದು, ಅದನ್ನ ಹುಳಾ. ಆಮ್ಯಾಲ ಮೀನಿನ ಪಾಳಿ. ಪ್ರತಿಯೊಬ್ಬರ ಕಡೆ ಸತ್ವ ಅರ್ಧಕ್ಕಿಂತ ಹೆಚ್ಚು ಖರ್ಚಾಗಿ ಹೋಗತೈತಿ."

ಉಣ್ಣುತ್ತಿದ್ದ ನಿಜಾಮಸಾಬ ಕೈ ತಡೆದು ಕೂತ. "ನಡುವ ದಲ್ಲಾಳಿಗೋಳು ಹೆಚ್ಚಾದ್ರು ಅನ್ನು," ಎಂದ.

"ಹಂಗ ತಿಳಕೋರಿ."

"ತಿಳಕೊಳ್ಳೋದೇನು, ಹಂಗ ಅದು." ಹೆಂಡತಿ ಹಮೀದಾಬಿಯ ಕಡೆ ತಿರುಗಿದ. "ಚೀಲಾ ಕಟ್ಟು. ನೋಡಿ ಬರತೇನಿ."

ಕಾರವಾರದಲ್ಲಿ ಬಸ್ ಇಳಿದು ಸಮುದ್ರ ನೋಡಿದ. ಅಗಲ ಇತ್ತು. ಅದಕ್ಕಿಂತ ಹೆಚ್ಚಿನದೇನೂ ಆತನಿಗೆ ಹೊಳೆಯಲಿಲ್ಲ. ಮಗಳು ಪ್ರಯೋಗಾಲಯದ ಕತ್ತಲ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಲು ಹೇಳಿದಳು. ಬಣ್ಣ ಕುಡಿದ ಬ್ಯಾಕ್ಟೀರಿಯಾಗಳು ಹಸಿರು ಚುಕ್ಕೆಯಾಗಿ ಹೊಳೆಯುತ್ತಿದ್ದವು, ಲೆಕ್ಕ ಸಿಗದಷ್ಟು. ಆತ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಇಷ್ಟು ಮಂದಿ ಉಣ್ಣುವವರಿರುವಾಗ ತಾನು ಒಬ್ಬ ತಾಂಡೇಲನ ಮೇಲೆ ತಪ್ಪು ಹೊರಿಸಿದ್ದ.

"ಅವನ ಮನಿ ಎಲ್ಲೈತಿ?" ಎಂದು ಕೇಳಿದ.

ತಾಂಡೇಲ ಮೀನಿನ ಶೆಡ್ಡಿನಲ್ಲಿ ಸಿಕ್ಕ. ಫೋನಿನ ದನಿಗೆ ಹೋಲಿಸಿದರೆ ಮನುಷ್ಯ ಗಿಡ್ಡಗಿದ್ದ. ಅವನ ಹಿಂದೆ ಹರವಿದ್ದ ಬಾಂಗಡಾಗಳೆಲ್ಲ ಬಡಕಲೇ. ಕೊಲ್ಲಾಪುರದ ಹೆಸರು ಬರೆದ ಚೀಲದಲ್ಲೂ ಅವೇ.

"ನಾನು ನಿಜಾಮಸಾಬ. ತಪ್ಪು ನಿಮ್ಮದಲ್ಲಂತ," ಎಂದ.

"ಮತ್ತೆ ಯಾರದ್ದು?"

"ದಲ್ಲಾಳಿಗೋಳ್ದು."

ತಾಂಡೇಲನ ಮುಖ ಗಂಟಾಯಿತು. ಆ ಬಂದರಿನಲ್ಲಿ ದಲ್ಲಾಳಿ ಎಂದರೆ ಅವನೇ. ಗುಲಫಶಾ ನಡುವೆ ಬಂದು ನೀರಿನ ಹರಿವಿನಿಂದ ಬಾಂಗಡಾದವರೆಗೆ ಎಲ್ಲವನ್ನೂ ಇನ್ನೊಮ್ಮೆ ಹೇಳಬೇಕಾಯಿತು. ತಾಂಡೇಲ ಕೇಳಿ ಮುಗಿಸಿ, ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ.

"ನೀವು ನನಗೆ ಅಂದದ್ದು ನಾನು ನನ್ನ ಭಾವನಿಗೆ ಅಂದೆ," ಎಂದ. "ಬೋಟು ಅವನದ್ದು. ಒಳ್ಳೆ ಮೀನು ಗೋವಾಕ್ಕೆ ಕೊಡ್ತಾನೆ ಅಂತ ಜಗಳ ಆಡಿದೆ. ಹಬ್ಬಕ್ಕೂ ಕರೀಲಿಲ್ಲ ಅವನನ್ನ."

"ಅವನು ಯಾರಿಗೆ ಅಂದಾನ?"

"ಅವನಿಗೆ ಅನ್ನೋಕೆ ಯಾರೂ ಇಲ್ಲ. ಅವನ ಮುಂದೆ ಬರೀ ನೀರು."

ಮೂವರೂ ಭಾವನ ಮನೆಗೆ ಹೋದರು. ಆತ ಬಲೆ ಹೊಲಿಯುತ್ತ ಕೂತಿದ್ದ, ತಲೆ ಎತ್ತಲಿಲ್ಲ. ತಾಂಡೇಲ ಹೊಸ್ತಿಲಲ್ಲೇ ನಿಂತ. ಕೊನೆಗೆ ನಿಜಾಮಸಾಬನೇ ಬಲೆಯ ಇನ್ನೊಂದು ತುದಿಗೆ ಕೂತು ಎಲ್ಲವನ್ನೂ ಹೇಳಿದ, ಮಗಳು ಹೇಳಿದಂತೆಯೇ, ದಲ್ಲಾಳಿ ಎಂಬ ಶಬ್ದ ಮಾತ್ರ ಬಿಟ್ಟು. ಭಾವ ಸೂಜಿ ಕೆಳಗಿಟ್ಟ. ತಾಂಡೇಲನಿಗೆ ಒಳಗೆ ಬಾ ಎನ್ನಲಿಲ್ಲ, ಆದರೆ ಚಾಪೆಯ ಮೇಲಿದ್ದ ಬಲೆಯನ್ನು ಒಂದು ಬದಿಗೆ ಸರಿಸಿದ. ತಾಂಡೇಲ ಬಂದು ಆ ಜಾಗದಲ್ಲಿ ಕೂತ.

"ಬರೋ ವರ್ಷ ತಳದ ನೀರು ಏಳ್ತದಾ?" ಎಂದು ಭಾವ ಗುಲಫಶಾಳನ್ನು ಕೇಳಿದ.

"ಅದು ಗಾಳಿ ಮ್ಯಾಲ ಐತ್ರಿ. ಈಗ ಹೇಳಾಕ ಬರಂಗಿಲ್ಲ."

ಮೂವರು ಗಂಡಸರೂ ಆಕೆಯನ್ನು ಸ್ವಲ್ಪ ಹೊತ್ತು ನೋಡಿದರು. ಇಷ್ಟು ಓದಿದ ಮೇಲೆ ಇದೊಂದು ಗೊತ್ತಿರಬೇಕಿತ್ತು ಎಂಬಂತೆ.

ಊಟಕ್ಕೆ ನಿಲ್ಲಿರೆಂದು ಒಳಗಿನಿಂದ ಕರೆ ಬಂತು. ಮೀನುಗಾರನ ಮನೆಯ ಊಟ ಎಂದು ನಿಜಾಮಸಾಬ ಕೈ ತೊಳೆದು ನೆಟ್ಟಗೆ ಕೂತ. ತಾಟಿಗೆ ಬಡಿಸಿದ್ದು ಮೊಟ್ಟೆಯ ಸಾರು. ಆತ ಇನ್ನೊಂದು ಸಲ ಹಾಕಿಸಿಕೊಂಡು ಉಂಡ.