ಎಣ್ಣೆ ಹಾಕದ ಬಿಲ್ಲೆ

ಗಾಜಿನ ತಟ್ಟೆಗಳನ್ನು ಒಂದೊಂದಾಗಿ ತೊಳೆದು ಬಿಳಿ ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದೆ. ಒಂದನ್ನು ಮಾತ್ರ ತೊಳೆಯಲಿಲ್ಲ. ಕಿಟಕಿಯ ಮೂಲೆಯಲ್ಲಿ ಮುಚ್ಚಿಟ್ಟೆ.

ಅದು ಐವತ್ತೆಂಟನೇ ಇಸವಿ. ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಅಶ್ವತ್ಥಪ್ಪ ಡಾಕ್ಟರ ಶಾಪಿನ ಹಿಂದಿನ ಕೋಣೆ. ಕ್ಯಾಸಂಬಳ್ಳಿಯಿಂದ ಮೂಟೆಗಟ್ಟಲೆ ಕಾಮಕಸ್ತೂರಿ ಸೊಪ್ಪು ಬರುತ್ತಿತ್ತು. ತಾಮ್ರದ ಹಂಡೆಯಲ್ಲಿ ಬೇಯಿಸಿ, ಹಬೆಯನ್ನು ತಣ್ಣೀರಿನೊಳಗಿನ ಕೊಳವೆಯಲ್ಲಿ ಇಳಿಸಿದರೆ, ಬಿದ್ದ ನೀರಿನ ಮೇಲೆ ತೆಳ್ಳಗೆ ಹಳದಿ ಎಣ್ಣೆ ತೇಲುತ್ತಿತ್ತು. ಕೀವಿನ ಕ್ರಿಮಿ ಬಳಿದ ತಟ್ಟೆಯಲ್ಲಿ, ಆ ಎಣ್ಣೆಗೆ ಅದ್ದಿದ ಮಸಿ ಹೀರುವ ಒತ್ತುಕಾಗದದ ಬಿಲ್ಲೆ ಇಟ್ಟು ಒಂದು ದಿನ ಬಿಡುತ್ತಿದ್ದರು. ಸುತ್ತ ಕ್ರಿಮಿ ಬೆಳೆಯದೆ ತಿಳಿಯಾದ ಉಂಗುರ ಮೂಡಿದರೆ ಎಣ್ಣೆ ಕ್ರಿಮಿಯನ್ನು ಕೊಂದಿದೆ ಎಂದರ್ಥ. ಬಿಲ್ಲೆ ಕತ್ತರಿಸಿ, ಕಾಯಿಸಿ, ಡಬ್ಬಿಗೆ ತುಂಬುವುದು ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಕೆಲಸ.

ಹೋದ ವಾರ ಉಂಗುರ ಕಾಸಿನಗಲ ಬಂತು. ಡಾಕ್ಟರು ಕುಣಿಯುವುದೊಂದು ಬಾಕಿ. "ಮುನಿಸ್ವಾಮಪ್ಪನ ಕಾಲಿಗೆ ಇದನ್ನೇ ಹಾಕೋಣ. ಸೂಜಿ ನಿಲ್ಸಿಬಿಡೋಣ" ಎಂದರು.

ಮುನಿಸ್ವಾಮಪ್ಪ ನನ್ನ ಅಪ್ಪ. ಗಣಿಯೊಳಗೆ ಕಲ್ಲು ಬಿದ್ದು ಪಾದ ಕೀವಾಗಿತ್ತು. ಪೆನಿಸಿಲಿನ್ ಸೂಜಿ ಶುರುವಾದ ಮೇಲೆ ಈಗೀಗ ಒಣಗುತ್ತಿತ್ತು.

ಅಂದಿನಿಂದ ನನಗೆ ಆ ಡಬ್ಬಿಯದೇ ಯೋಚನೆ. ಗಣಿ ಕೂಲಿಗಳ ನಮ್ಮ ಲೈನಿನ ಮನೆಗಳಲ್ಲಿ ಹುಳ ಬಾರದಿರಲೆಂದು ಬಟ್ಟೆ ಪೆಟ್ಟಿಗೆಗೆ ಕಾರ್ಬಾಲಿಕ್ ಸೋಪಿನ ಚೂರು ಹಾಕುತ್ತೇವೆ. ಕಾಗದಕ್ಕೂ ಹುಳ ಬೀಳುತ್ತದಲ್ಲ ಎಂದು ಬಿಲ್ಲೆಯ ಡಬ್ಬಿಗೂ ಹಾಕಿದ್ದೆ. ಕಾಮಕಸ್ತೂರಿಯ ಘಮದಲ್ಲಿ ಆ ವಾಸನೆ ಯಾರಿಗೂ ಗೊತ್ತಾಗಿರಲಿಲ್ಲ. ನಿನ್ನೆ ಯಾರಿಗೂ ಹೇಳದೆ ಎಣ್ಣೆ ಹಾಕದ ಬಿಲ್ಲೆಯೊಂದನ್ನು ತಟ್ಟೆಯಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಅದರ ಸುತ್ತಲೂ ಉಂಗುರ. ಅಷ್ಟೇ ಅಗಲ. ಕ್ರಿಮಿ ಕೊಂದದ್ದು ಎಣ್ಣೆಯಲ್ಲ, ನನ್ನ ಸೋಪು.

ಮುಂದಿನ ಕೋಣೆಯಿಂದ ಅಪ್ಪನ ದನಿ ಕೇಳಿತು. "ಸೂಜಿ ಬ್ಯಾಡ ಅಂದ್ರೆ ಸಾಕು ಸಾಮಿ. ಎಣ್ಣೆನಾದ್ರೂ ಆಕಿ, ಬೆಣ್ಣೆನಾದ್ರೂ ಆಕಿ."

"ಗಣಿಯೊಳಕ್ಕೆ ಇಳಿಯೋ ಗಂಡಾಳು, ಸೂಜಿ ಕಂಡ್ರೆ ಎದ್ರಿ ಸಾಯ್ತದೆ" ಎಂದು ನರ್ಸ್ ಗಂಗರತ್ನಮ್ಮ ನಕ್ಕರು. "ಬಿಲ್ಲೆ ಕತ್ತರಿಸಿದ್ದು ನಿನ್ನ ಮಗಳೇ ಕಣಣ್ಣ. ಬಾಯಿಲ್ಲ ಅನ್ನೋದು ಬಿಟ್ರೆ ಕೈ ಚೆನ್ನಾಗದೆ."

ಮುಚ್ಚಿಟ್ಟಿದ್ದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೆ. ಕೆಲಸ ಹೋಗುವುದು ಖಂಡಿತ ಅನ್ನಿಸಿತು. ಡಾಕ್ಟರು ಬಟ್ಟೆಯ ಪಟ್ಟಿಯನ್ನು ಎಣ್ಣೆಗೆ ಅದ್ದುತ್ತಿದ್ದರು.

"ಸಾರ್, ಡಬ್ಬಿಗೆ ನಾನು ಸೋಪಾಕಿದ್ದೆ. ಎಣ್ಣೆ ಇಲ್ದಿರೋ ಬಿಲ್ಲೆಗೂ ಉಂಗ್ರ ಬಂದದೆ."

ಡಾಕ್ಟರು ತಟ್ಟೆಯನ್ನು ನೋಡಿದರು. ಗಂಗರತ್ನಮ್ಮ ನಗು ನಿಲ್ಲಿಸಿದರು. ಅಪ್ಪ ನನ್ನ ಕಡೆ ನೋಡದೆ ಕಾಲನ್ನು ಇನ್ನಷ್ಟು ಮುಂದಕ್ಕೆ ಚಾಚಿದ. ಪಟ್ಟಿಯಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಈ ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದೆ.

"ಸೂಜಿ ನಿಲ್ಲಿಸ್ಬೇಡಿ ಸಾರ್."